ದನಿಗೊಂದು ಬಾಗಿಲು

‘ಹರಿಕಥಾಮೃತಸಾರ’ದ ಜಗನ್ನಾಥದಾಸರು ನೆಲೆಸಿದ್ದ ಮಾನ್ವಿಯಲ್ಲಿ, ಮಿತ್ರರೊಬ್ಬರ ಮನೆಯಂಗಳದ ಭಜನೆಗೆ ಹೋಗಿದ್ದೆ. ವಿದ್ಯುತ್ ತಂಬೂರಿಯನ್ನು ಆಂಪ್ಲಿಫೈಯರಿಗೆ ಜೋಡಿಸಿದೊಡನೆ ಶ್ರುತಿಯ ಬದಲು ಕರ್ಕಶ ಗೊರಕೆ ಹೊರಟಿತು. ಗಾಯಕರು ಪದವನ್ನು ಅರ್ಧಕ್ಕೇ ನಿಲ್ಲಿಸಿದರು. ನಾವೆಲ್ಲ ಯಂತ್ರವನ್ನು ಬೈದೆವು. ತಪ್ಪು ನಮ್ಮದಾಗಿತ್ತು: ತಂತಿಯನ್ನು ಮೈಕಿನ ರಂಧ್ರಕ್ಕೆ ಸಿಕ್ಕಿಸಿದ್ದೆವು.

ನಮ್ಮ ಸೀಮೆಯವರಿಗೆ ಇದು ತಿಳಿಯದ ಮಾತೇನಲ್ಲ. ದೇವದುರ್ಗದ ಕಡೆ ಹರಿಯುವ ನಾರಾಯಣಪುರ ಬಲದಂಡೆ ಕಾಲುವೆಯನ್ನು ನೇರವಾಗಿ ಸಸಿಮಡಿಗೆ ತಿರುಗಿಸಿದರೆ ಸಸಿ ಉಳಿದೀತೆ? ಮೈಕು ಹುಟ್ಟಿಸುವ ವಿದ್ಯುತ್ತು ಒಂದು ವೋಲ್ಟಿನ ಸಾವಿರದ ಕೆಲವೇ ಪಾಲು. ವಿದ್ಯುತ್ ತಂಬೂರಿ, ಟೇಪ್ ರೆಕಾರ್ಡರ್, ಮೊಬೈಲುಗಳದ್ದು ಒಂದು ವೋಲ್ಟಿನ ಆಸುಪಾಸು. ಅಂದರೆ ನೂರಾರು ಪಟ್ಟು. ಆದುದರಿಂದಲೇ ಮೊದಲನೆಯದಕ್ಕೆ ‘ಮೈಕ್’, ಉಳಿದವಕ್ಕೆ ‘ಆಕ್ಸ್’ ಎಂದು ಬೇರೆ ಬೇರೆ ಬಾಗಿಲುಗಳು.

ವಿದ್ಯುತ್ ಗಿಟಾರಿನ ಪ್ರಕೃತಿ ಮತ್ತೂ ಸೂಕ್ಷ್ಮವಾದದ್ದು. ಅದರ ತಂತಿಗಳ ಕೆಳಗೆ ಅಯಸ್ಕಾಂತಕ್ಕೆ ಸಾವಿರಾರು ಸುತ್ತು ತಾಮ್ರದೆಳೆ ಸುತ್ತಿರುತ್ತದೆ. ಅದು ಬಯಸುವುದು ಸುಮಾರು 10 ಲಕ್ಷ ಓಮ್ ಪ್ರತಿರೋಧದ ಬಾಗಿಲನ್ನು. ಕೆಲವೇ ಸಾವಿರ ಓಮಿನ ಮೈಕ್ ರಂಧ್ರಕ್ಕೆ ಸಿಕ್ಕಿಸಿದರೆ ತಾರಸ್ವರದ ಹೊಳಪೆಲ್ಲ ಸೋರಿಹೋಗುತ್ತದೆ. ನಡುವೆ ‘ಡಿ.ಐ. ಬಾಕ್ಸ್’ ಎಂಬ ಪುಟ್ಟ ಪೆಟ್ಟಿಗೆಯನ್ನಿಟ್ಟರೆ ಆ ಕೊರತೆ ನೀಗುತ್ತದೆ.

ರಾಯಚೂರಿನಲ್ಲಿ ಗಿಟಾರು ಹಿಡಿದ ತರುಣರಿಗೆ ನನ್ನ ಬಿನ್ನಹವಿಷ್ಟೆ: ಜೋಡಿಸುವ ಮುನ್ನ ಧ್ವನಿಯ ತಿರುಗಣೆಯನ್ನು ಸೊನ್ನೆಗೆ ಇಳಿಸಿರಿ, ಅರ್ಥಿಂಗ್ ಸರಿಯಿದೆಯೇ ನೋಡಿರಿ, ಲೋಹದ ತಂತಿಯ ಮೇಲಿರುವುದು ನಿಮ್ಮದೇ ಬೆರಳು.

ಅಂದು ಮಾನ್ವಿಯಲ್ಲಿ ತಂತಿಯನ್ನು ಪಕ್ಕದ ರಂಧ್ರಕ್ಕೆ ಬದಲಿಸಿದೆವು. ಶ್ರುತಿ ತಿಳಿಯಾಯಿತು; ನಿಂತ ಪದ ನಿಂತಲ್ಲಿಂದಲೇ ಮುಂದುವರಿಯಿತು.