ರಿಂಗಿಗಿಂತ ಮೊದಲು ಮೇಷ್ಟ್ರು

ಹೋಬಳಿ ಮಟ್ಟದ ಕ್ರೀಡಾಕೂಟ ಹತ್ತಿರ ಬಂತೆಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರಿಗೆ ಬಿಡುವಿರುವುದಿಲ್ಲ. ಸುಣ್ಣದ ಗೆರೆ ಎಳೆಯುವವರೂ ಅವರೇ, ಸೀಟಿ ಊದುವವರೂ ಅವರೇ. ಕಬಡ್ಡಿ, ಕೊಕ್ಕೊ, ವಾಲಿಬಾಲ್ ಜೊತೆಗೆ ಬ್ಯಾಸ್ಕೆಟ್‌ಬಾಲನ್ನೂ ಅವರೇ ಕಲಿಸಬೇಕು.

ಈ ಆಟ ಹುಟ್ಟಿದ್ದೂ ಒಬ್ಬ ಪಿ.ಟಿ. ಮೇಷ್ಟ್ರ ಕೈಯಲ್ಲೇ. 1891ರ ಡಿಸೆಂಬರ್ ಚಳಿಯಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಹತ್ತಡಿ ಎತ್ತರದಲ್ಲಿ ಎರಡು ಹಣ್ಣಿನ ಬುಟ್ಟಿ ಕಟ್ಟಿ, 13 ನಿಯಮ ಬರೆದು, ಗಲಾಟೆಯ ತರಗತಿಯನ್ನು ಹತೋಟಿಗೆ ತಂದರು. ಅವರ ಮುಂದಿದ್ದವರು ಬೆಳೆದ ಯುವಕರು. ಎಂಟು ವರ್ಷದ ಮಗುವಿಗೆ ಆ ಎತ್ತರ ಒಗ್ಗದು. ಅದಕ್ಕೇ ಮಿನಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ರಿಂಗು 3.05 ಮೀಟರಿನಿಂದ 2.60 ಮೀಟರಿಗೆ ಇಳಿಯುತ್ತದೆ, ಚೆಂಡೂ ಚಿಕ್ಕದಾಗುತ್ತದೆ. ಇದು ತಿಳಿಯದ ಕೋಚ್ ಕೈಯಲ್ಲಿ ಮಗು ಇದ್ದ ಬಲವನ್ನೆಲ್ಲ ಹಾಕಿ ಚೆಂಡೆಸೆಯುತ್ತದೆ. ತಪ್ಪು ಭಂಗಿ ಮೈಗಂಟುತ್ತದೆ.

ಭಂಗಿಗಿಂತ ದೊಡ್ಡದು ಮಾತು.

ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮೋಲ್ ಮಕ್ಕಳ ಬೇಸ್‌ಬಾಲ್ ಕೋಚ್‌ಗಳಿಗೆ ಕೆಲವೇ ಗಂಟೆಗಳ ತರಬೇತಿ ಕೊಟ್ಟರು. ಶ್ರಮ ಕಂಡರೆ ಹೊಗಳಿ, ತಪ್ಪಿದರೆ ಮೊದಲು ಧೈರ್ಯ ಹೇಳಿ, ಆಮೇಲೆ ತಿದ್ದಿ, ಬೈಯಬೇಡಿ. ಪಾಠ ಇಷ್ಟೇ. 1992ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ತರಬೇತಿ ಇಲ್ಲದ ಕೋಚ್‌ಗಳ ಕೈಕೆಳಗಿದ್ದ ಮಕ್ಕಳಲ್ಲಿ ಶೇ 26ರಷ್ಟು ಮರುವರ್ಷ ಆಟಕ್ಕೆ ಬರಲಿಲ್ಲ. ತರಬೇತಾದವರ ಬಳಿ ಹಾಗೆ ಬಿಟ್ಟುಹೋದವರು ಶೇ 5 ಮಾತ್ರ. 2007ರಲ್ಲಿ ಬ್ಯಾಸ್ಕೆಟ್‌ಬಾಲ್ ಕೋಚ್‌ಗಳೊಂದಿಗೆ ಇಂಥದೇ ಪ್ರಯೋಗ ನಡೆದಾಗ ಮಕ್ಕಳ ಆತಂಕ ತಗ್ಗಿತ್ತು.

ನಮ್ಮ ಹಳ್ಳಿಗಳಿಗೆ ಈ ಲೆಕ್ಕ ಹೆಚ್ಚು ಮುಖ್ಯ. ಹೈಸ್ಕೂಲಿಗೆ ಬಂದ ಹುಡುಗಿ ಮೈದಾನ ಬಿಡುವುದಕ್ಕೆ ಮನೆಯ ಸಂಕೋಚ, ಶೌಚಾಲಯದ ಕೊರತೆ, ಸಂಜೆಯ ಕೊನೆ ಬಸ್ಸು, ಹೀಗೆ ನೂರು ಕಾರಣ ಇರಬಹುದು. ಅದನ್ನು ಕೇಳಿ ತಿಳಿದು, ತಾಯಿಯ ಜೊತೆ ಮಾತಾಡಿ ಅವಳನ್ನು ಮತ್ತೆ ಕರೆತರುವುದೂ ಕೋಚ್ ಕೆಲಸವೇ.

ಹಳ್ಳಿಯ ಹುಡುಗ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಪಂಜಾಬಿನ ಬಲ್ಲೋಕೆ ಹಳ್ಳಿಯ ಸತ್ನಾಮ್ ಸಿಂಗ್ ಸಾಕ್ಷಿ. ಲುಧಿಯಾನಾ ಅಕಾಡೆಮಿಯಲ್ಲಿ ಎಸ್. ಸುಬ್ರಮಣಿಯನ್ ಅವರ ಗರಡಿಯಲ್ಲಿ ಪಳಗಿದ ಈ ರೈತನ ಮಗ, 2015ರಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ. ಕಾಂಕ್ರೀಟ್ ಅಂಕಣದಷ್ಟೇ ಪಾಲು ಆ ಸಾಧನೆಯಲ್ಲಿ ಗುರುವಿಗೂ ಇದೆ.

ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಕೋಚ್‌ಗಳನ್ನು ತಯಾರು ಮಾಡುತ್ತದೆ. 2013ರಲ್ಲಿ ಭಾರತಕ್ಕೆ ಬಂದ ಜೂನಿಯರ್ ಎನ್‌ಬಿಎ ಕೂಡ ಶಾಲೆಗಳ ದೈಹಿಕ ಶಿಕ್ಷಕರಿಗೆ ತರಬೇತಿ ಕೊಟ್ಟಿದೆ. ಆದರೆ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯ ಮೇಷ್ಟ್ರು ಪಟಿಯಾಲಕ್ಕೆ ಹೋಗುವುದು ಸುಲಭವಲ್ಲ. ನಮ್ಮ ಈ ನಾಲ್ಕೂ ತಾಲ್ಲೂಕುಗಳು ಸೇರುವುದು ಪಾಂಡವಪುರ ಉಪವಿಭಾಗಕ್ಕೇ. ಹಾಗಾಗಿ ಬೇಸಿಗೆ ರಜೆಯಲ್ಲಿ ಶಿಕ್ಷಣ ಇಲಾಖೆ ಮತ್ತು ಯುವ ಸಬಲೀಕರಣ, ಕ್ರೀಡಾ ಇಲಾಖೆ ಸೇರಿ ಇಲ್ಲಿಯೇ ಮೂರು ದಿನದ ಶಿಬಿರ ನಡೆಸಲಿ; ಆಟದ ಪಾಠದ ಜೊತೆ ಮಕ್ಕಳ ಮನಸ್ಸಿನ ಪಾಠವೂ ಇರಲಿ. ಹೊಸ ಅಂಕಣಕ್ಕೆ ಅನುದಾನ ಕೇಳುವ ಎಸ್‌ಡಿಎಂಸಿಗಳು ಅದೇ ಅರ್ಜಿಯಲ್ಲಿ ಈ ಶಿಬಿರವನ್ನೂ ಕೇಳಬೇಕು.