ಮೂರ್ಛೆರೋಗ: ನಾಚಿಕೆಯನ್ನು ಅಳೆಯಬಹುದೇ?

ಮೂರ್ಛೆರೋಗದವರು ಬಂದಾಗ ವೈದ್ಯರಾದ ನಾವು ಕೇಳುವ ಪ್ರಶ್ನೆಗಳು ನಿಮಗೆ ಗೊತ್ತೇ ಇವೆ. ಕಳೆದ ತಿಂಗಳು ಎಷ್ಟು ಸಲ ಫಿಟ್ಸ್ ಬಂತು? ಮಾತ್ರೆ ತಪ್ಪಿಸಿದಿರಾ? ನಿದ್ದೆ ಸರಿಯಾಗಿದೆಯೇ? 'ಈ ಕಾಯಿಲೆ ಇದೆಯೆಂದು ನಿಮಗೆ ನಾಚಿಕೆಯೇ?' ಎಂದು ಮಾತ್ರ ಕೇಳುವುದು ಅಪರೂಪ. ರೋಗಿಯೂ ತಾನಾಗಿ ಹೇಳುವುದಿಲ್ಲ.

ಆದರೆ ಈ ನಾಚಿಕೆ ಚಿಕಿತ್ಸೆಯನ್ನೇ ಕೆಡಿಸಬಲ್ಲದು. ನಾಲ್ಕು ಜನರೆದುರು ಮಾತ್ರೆ ನುಂಗಲು ಸಂಕೋಚ. ಒಂದು ಹೊತ್ತು ತಪ್ಪುತ್ತದೆ, ಫಿಟ್ಸ್ ಮರಳುತ್ತದೆ, ನಾಚಿಕೆ ಇಮ್ಮಡಿಯಾಗುತ್ತದೆ. ಪ್ರಪಂಚದಲ್ಲಿ ಸುಮಾರು 5 ಕೋಟಿ ಜನರಿಗೆ ಈ ಕಾಯಿಲೆಯಿದೆ. ಸರಿಯಾದ ಚಿಕಿತ್ಸೆ ದೊರೆತರೆ ಶೇ. 70ರಷ್ಟು ಮಂದಿ ಫಿಟ್ಸ್ ಇಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹೊರಗಿನ ಕಳಂಕ, ಒಳಗಿನ ಕಳಂಕ

ಬ್ರಿಟನ್ನಿನ ಸ್ಕ್ಯಾಂಬ್ಲರ್ ಮತ್ತು ಹಾಪ್‌ಕಿನ್ಸ್ 1986ರಲ್ಲಿ ಕಳಂಕವನ್ನು ಎರಡಾಗಿ ವಿಂಗಡಿಸಿದರು. ಒಂದು, ಇತರರು ನಿಜವಾಗಿ ತೋರುವ ಭೇದಭಾವ. ಇನ್ನೊಂದು, ರೋಗಿ ತನ್ನೊಳಗೇ ಅನುಭವಿಸುವ ನಾಚಿಕೆ ಮತ್ತು ಭಯ. ಹೆಚ್ಚು ಕಾಡುವುದು ಎರಡನೆಯದೇ ಎಂದು ಅವರು ಕಂಡರು. ಇದು ಇನ್ನೂ ಆಳಕ್ಕಿಳಿದು, 'ಜನ ಅನ್ನುವುದು ನಿಜ, ನಾನು ಪ್ರಯೋಜನಕ್ಕೆ ಬಾರದವನು' ಎಂದು ರೋಗಿಯೇ ಒಪ್ಪಿಕೊಂಡರೆ ಅದು ಸ್ವಕಳಂಕ.

ಇಂಥ ಭಾವನೆಯನ್ನು ಅಳೆಯಲು ಬ್ರಿಟನ್ನಿನ ಆನ್ ಜಾಕೋಬಿ ಮೂರೇ ಪ್ರಶ್ನೆಗಳನ್ನು ಬಳಸಿದರು. ಈ ಕಾಯಿಲೆಯಿಂದಾಗಿ ಕೆಲವರು ನಿಮ್ಮೊಂದಿಗೆ ಇರಿಸುಮುರಿಸುಪಡುತ್ತಾರೆಯೇ? ನಿಮ್ಮನ್ನು ಕೀಳಾಗಿ ಕಾಣುತ್ತಾರೆಯೇ? ನಿಮ್ಮಿಂದ ದೂರವಿರಲು ಬಯಸುತ್ತಾರೆಯೇ? ಪ್ರತಿ 'ಹೌದು'ಗೆ ಒಂದು ಅಂಕ. ಯುರೋಪಿನ 15 ದೇಶಗಳ 5,000ಕ್ಕೂ ಹೆಚ್ಚು ರೋಗಿಗಳ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 51 ಮಂದಿ ಕಳಂಕ ಅನುಭವಿಸುತ್ತಿದ್ದರು; ಶೇ. 18 ಮಂದಿಗೆ ಅದು ತೀವ್ರವಾಗಿತ್ತು. ಆದರೆ ಈ ಮೂರೂ ಪ್ರಶ್ನೆಗಳು ಇತರರ ಬಗ್ಗೆ. ಸ್ವಕಳಂಕವನ್ನು ಹಿಡಿಯಲು 'ನಿಮ್ಮ ಬಗ್ಗೆ ನಿಮಗೇ ಏನನ್ನಿಸುತ್ತದೆ?' ಎಂದೂ ಕೇಳಬೇಕು.

ಸ್ಪ್ಯಾನಿಷ್ ಕಲಿಸುವ ಪಾಠ

ಇಂಗ್ಲಿಷ್ ಪ್ರಶ್ನೆಯನ್ನು ನಿಘಂಟು ನೋಡಿ ಸ್ಪ್ಯಾನಿಷ್‌ಗೆ ತಿರುಗಿಸಿದರೆ ಸಾಲದೇ? ಸಾಲದು. ಸ್ಪ್ಯಾನಿಷ್ ಸುಮಾರು ಇಪ್ಪತ್ತು ದೇಶಗಳ ಭಾಷೆ. 'ಅತಾಕೆ' ಎಂದರೆ ಅಲ್ಲಿ ಫಿಟ್ಸ್ ಎಂದೂ ಅರ್ಥವಾಗುತ್ತದೆ. ಆದರೆ ಪೋರ್ಟೊರಿಕೊದಂಥ ಕೆರೀಬಿಯನ್ ಪ್ರದೇಶಗಳಲ್ಲಿ 'ಅತಾಕೆ ದೆ ನೆರ್ವಿಯೋಸ್' ಎಂದರೆ ದುಃಖವೋ ಆಘಾತವೋ ಒದಗಿದಾಗ ಚೀರಿ, ನಡುಗಿ, ಕುಸಿಯುವುದು. ಅದು ಮೂರ್ಛೆರೋಗವಲ್ಲ. 'ಅತಾಕೆ ಬಂದದ್ದನ್ನು ಮುಚ್ಚಿಡುತ್ತೀರಾ?' ಎಂದು ಕೇಳಿದರೆ ಒಬ್ಬರು ಒಂದಕ್ಕೆ, ಇನ್ನೊಬ್ಬರು ಮತ್ತೊಂದಕ್ಕೆ ಉತ್ತರಿಸಿಯಾರು. 'ನೀನು', 'ನೀವು' ಎನ್ನುವ ರೀತಿಯೂ ದೇಶದಿಂದ ದೇಶಕ್ಕೆ ಬೇರೆ.

ಆದ್ದರಿಂದ ಅನುವಾದವನ್ನು, ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷ್‌ಗೆ ಮಾಡಿಸಿ ಹೋಲಿಸುತ್ತಾರೆ. ಕೆಲವು ರೋಗಿಗಳಿಗೆ ಓದಿ ಹೇಳಿ, ಏನು ಅರ್ಥವಾಯಿತೆಂದು ವಿಚಾರಿಸುತ್ತಾರೆ. ಕೆಲವು ವಾರ ಬಿಟ್ಟು ಅವರನ್ನೇ ಪುನಃ ಕೇಳಿ, ಉತ್ತರ ಹೊಂದುತ್ತದೆಯೇ ಎಂದು ನೋಡುತ್ತಾರೆ. ಇನ್ನೊಂದು ತೊಡಕೂ ಇದೆ. ಓದು ಬಾರದವರಿಗೆ ಬೇರೆಯವರು ಪ್ರಶ್ನೆ ಓದಬೇಕು. ಪಕ್ಕದಲ್ಲಿ ಮನೆಯವರು ಕುಳಿತಿರುತ್ತಾರೆ. ಮುಚ್ಚಿಡುವುದೇ ಅಭ್ಯಾಸವಾದವರು ಅಲ್ಲಿಯೂ ಮುಚ್ಚಿಟ್ಟಾರು!

ನಿಮ್ಮ ಮನೆಯಲ್ಲಿ

ನಮ್ಮಲ್ಲೂ 'ಮೂರ್ಛೆ' ಎಂದರೆ ಬಿಸಿಲಿಗೆ ತಲೆಸುತ್ತಿ ಬೀಳುವುದೂ ಹೌದು, ಈ ಕಾಯಿಲೆಯೂ ಹೌದು. ನಿಮ್ಮ ಮನೆಯಲ್ಲಿ ಈ ರೋಗದವರಿದ್ದರೆ ಯಾರೂ ಇಲ್ಲದಾಗ, ಅವರ ಮಾತಿನಲ್ಲೇ ಕೇಳಿ: 'ಇದರಿಂದ ನಿನ್ನನ್ನು ನೀನೇ ಕೀಳೆಂದುಕೊಂಡಿದ್ದೀಯಾ?' ಉತ್ತರ 'ಹೌದು' ಎಂದಾದರೆ ಗದರಬೇಡಿ, 'ಅದೆಲ್ಲ ಏನೂ ಇಲ್ಲ' ಎಂದು ತಳ್ಳಿಹಾಕಲೂಬೇಡಿ. ಮುಂದಿನ ಸಲ ವೈದ್ಯರಿಗೆ ತಿಳಿಸಿ. ಮಾತ್ರೆಯನ್ನು ಮಾತ್ರ ತಾವಾಗಿಯೇ ನಿಲ್ಲಿಸಲು ಬಿಡಬೇಡಿ. ಹಠಾತ್ತನೆ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು.

ಫಿಟ್ಸ್ ಎಷ್ಟು ಬಂತೆಂದು ಲೆಕ್ಕವಿಡುವ ನಾವು ಈ ನೋವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.