ಉಣ್ಣೆಯ ಅಂಚಿಗೆ ಮಣಿ

ಚಳಿಗಾಲ ಸಮೀಪಿಸಿತೆಂದರೆ ಮನೆಯ ಹೆಣ್ಣುಮಕ್ಕಳ ಕೈಗೆ ಉಣ್ಣೆ ಬರುತ್ತದೆ. ಅಂಗಡಿಯಿಂದ ತಂದ ಉಣ್ಣೆಯ ಬಟ್ಟೆಯನ್ನು ಅಳೆದು ಕತ್ತರಿಸಿ ಶಾಲು ಮಾಡುವವರಿದ್ದಾರೆ. ದಪ್ಪ ಬಟ್ಟೆಯಲ್ಲಿ ಚೀಲ, ಕನ್ನಡಕದ ಒರೆ, ಕುರ್ಚಿಯ ಮೆತ್ತೆಗೆ ಹೊದಿಕೆ ಹೊಲಿಯುವವರಿದ್ದಾರೆ. ಹೊಲಿದದ್ದಾದ ಮೇಲೆ ಅಂಚು ಬರಿದಾಗಿ ಕಾಣುತ್ತದೆ. ಅಲ್ಲೊಂದು ಸಾಲು ಮಣಿ ಇದ್ದರೆ ಎಷ್ಟು ಚೆಂದ ಎನಿಸುವುದು ಸಹಜ. ಆಸೆ ಒಳ್ಳೆಯದೇ. ಉಣ್ಣೆಗೆ ಹೊಳಪಿಲ್ಲ, ಗಾಜಿಗೆ ಹೊಳಪುಂಟು. ಒಂದು ಮೆತ್ತಗೆ, ಇನ್ನೊಂದು ಗಟ್ಟಿ. ಅಕ್ಕಪಕ್ಕ ಕೂತಾಗ ಎರಡೂ ಕಳೆಗಟ್ಟುತ್ತವೆ.

ಆದರೆ ಹೀಗೆ ಮಣಿ ಕಟ್ಟಿದ ಶಾಲುಗಳಲ್ಲಿ ಎಷ್ಟೋ ಎರಡನೆಯ ಚಳಿಗಾಲವನ್ನು ಕಾಣುವುದಿಲ್ಲ. ಎಲ್ಲೋ ಒಂದು ಕಡೆ ದಾರ ಕಡಿಯುತ್ತದೆ, ಅರ್ಧ ಅಂಚಿನ ಮಣಿಗಳು ನೆಲದ ಮೇಲೆ ಉರುಳುತ್ತವೆ, ಉಳಿದರ್ಧ ಜೋತುಬೀಳುತ್ತದೆ. ಇದಕ್ಕೆ ಕಾರಣ ಕೈಯ ಒರಟುತನವಲ್ಲ, ಅಭ್ಯಾಸ. ನಮ್ಮಲ್ಲಿ ಮಣಿಯ ಕೆಲಸವೆಂದರೆ ಮೊದಲು ನೆನಪಾಗುವುದು ಬಾಗಿಲ ತೋರಣ, ತೊಟ್ಟಿಲಿಗೆ ಕಟ್ಟುವ ಗೊಂಚಲು. ಅವೆಲ್ಲ ಪೋಣಿಸಿ ಮಾಡುವ ಕೆಲಸಗಳು. ಒಂದೇ ದಾರ ಈ ತುದಿಯಿಂದ ಆ ತುದಿಯವರೆಗೆ ಹೋಗುತ್ತದೆ. ತೋರಣಕ್ಕೆ ಅದು ಸರಿ; ಅದು ಮೊಳೆಗೆ ನೇತುಬಿದ್ದು ಸುಮ್ಮನಿರುತ್ತದೆ. ಶಾಲು ಸುಮ್ಮನಿರುವ ವಸ್ತುವಲ್ಲ. ಅದನ್ನು ಎಳೆಯುತ್ತೇವೆ, ಸುತ್ತುತ್ತೇವೆ, ಕುರ್ಚಿಯ ಕೈಗೆ ಸಿಕ್ಕಿಸುತ್ತೇವೆ, ಒಗೆಯುತ್ತೇವೆ. ಕೊರಳಿನ ಕರಿಮಣಿಯ ದಾರ ಎಷ್ಟು ದಿನಕ್ಕೆ ಸವೆಯುತ್ತದೆಂಬುದನ್ನು ಬಲ್ಲ ಗೃಹಿಣಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಬಟ್ಟೆಯ ಅಂಚಿಗೆ ಮಣಿಯನ್ನು ಪೋಣಿಸಬಾರದು, ಹೊಲಿಯಬೇಕು. ಒಂದೊಂದು ಮಣಿಯೂ ತನ್ನ ಕಾಲ ಮೇಲೆ ತಾನು ನಿಂತಿರಬೇಕು.

ದೂರದ ದೇಶದ ಕೆಲವು ಹೆಂಗಸರು ಈ ಗುಟ್ಟನ್ನು ಬಹು ಹಿಂದೆಯೇ ಕಂಡುಕೊಂಡಿದ್ದರು. ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರಿನಲ್ಲಿ ನೇಯ್ದ ಕೆಂಪು, ಕಡುನೀಲಿ ಉಣ್ಣೆಬಟ್ಟೆಯನ್ನೂ ವೆನಿಸ್ ಮತ್ತು ಬೊಹೀಮಿಯಾದ ಗಾಜಿನ ಮಣಿಗಳನ್ನೂ ವರ್ತಕರು ಹಡಗಿನಲ್ಲಿ ಉತ್ತರ ಅಮೆರಿಕಕ್ಕೆ ಒಯ್ದು, ಅಲ್ಲಿಯ ಮೂಲನಿವಾಸಿಗಳಿಗೆ ಕೊಟ್ಟು ಬದಲಿಗೆ ತುಪ್ಪುಳಿನ ತೊಗಲು ಪಡೆಯುತ್ತಿದ್ದರು. ಆ ಜನರ ಹೆಂಗಸರು ಈ ಎರಡನ್ನೂ ಕೂಡಿಸಿದರು. ಉಣ್ಣೆಬಟ್ಟೆಯ ಅಂಚಿಗೆ ಬಿಳಿಯ ಸಣ್ಣ ಮಣಿಗಳನ್ನು ಒತ್ತೊತ್ತಾಗಿ ಹೊಲಿದರು. ಅದು ಬರಿಯ ಅಲಂಕಾರವಾಗಿರಲಿಲ್ಲ. ಕತ್ತರಿಸಿದ ಅಂಚು ಸವೆಯದಂತೆ ಕಾಯುವ ಕೆಲಸವನ್ನೂ ಮಾಡುತ್ತಿತ್ತು. 1849-50ರ ಸುಮಾರಿಗೆ ಲೂಯಿಸ್ ಹೆನ್ರಿ ಮಾರ್ಗನ್ ಎಂಬ ವಿದ್ವಾಂಸರು ನ್ಯೂಯಾರ್ಕ್ ಸಂಸ್ಥಾನದ ಸಂಗ್ರಹಕ್ಕೆಂದು ಸೆನೆಕಾ ಜನಾಂಗದ ಉಡುಪುಗಳನ್ನು ಕಲೆಹಾಕಿದಾಗ, ಕ್ಯಾರೋಲೈನ್ ಪಾರ್ಕರ್ ಎಂಬ ಆ ಜನಾಂಗದ ತರುಣಿ ಹೊಲಿದ ಮಣಿಗೆಲಸದ ಉಡುಪುಗಳೂ ಅದರಲ್ಲಿ ಸೇರಿದುವು. ಆ ಕಡೆಯ ಜನರಲ್ಲಿ ಒಂದು ದಾರಕ್ಕೆ ಮಣಿ ಪೋಣಿಸುವ ಪದ್ಧತಿಯೂ ಉಂಟು. ಆದರೆ ಇನ್ನೊಂದು ದಾರದಿಂದ ಎರಡು ಮೂರು ಮಣಿಗೊಮ್ಮೆ ಅದನ್ನು ಬಟ್ಟೆಗೆ ಬಿಗಿಯದೆ ಬಿಡುವುದಿಲ್ಲ.

ಅಷ್ಟು ದೂರ ಹೋಗಲಾರೆವೆಂದರೆ ನಮ್ಮ ಸಂಡೂರಿನ ಲಂಬಾಣಿ ಹೆಂಗಸರ ಕಸೂತಿಯನ್ನು ನೋಡಬಹುದು. ಅವರದು ಹತ್ತಿಬಟ್ಟೆ, ಉಣ್ಣೆಯಲ್ಲ. ಆದರೂ ಚೀಲದ ಅಂಚಿನಲ್ಲಿ ಕೂರಿಸಿದ ಕವಡೆಯನ್ನು ಎಳೆದು ನೋಡಿದರೆ ಅದು ಎಷ್ಟು ಭದ್ರವಾಗಿ ಕೂತಿದೆಯೆಂಬುದು ಕೈಗೇ ತಿಳಿಯುತ್ತದೆ.

ಈಗ ಮಣಿಯನ್ನು ಆರಿಸುವ ಮಾತು. ಅಂಗಡಿಯಲ್ಲಿ ಮಣಿಗಳಿಗೆ ಸಂಖ್ಯೆಗಳುಂಟು, ಸಂಖ್ಯೆ ದೊಡ್ಡದಾದಷ್ಟೂ ಮಣಿ ಸಣ್ಣದು. 11ರ ಮಣಿ ಸುಮಾರು 2 ಮಿಲಿಮೀಟರು, 8ರದು 3, 6ರದು 4. ಉಣ್ಣೆಯ ಅಂಚಿಗೆ 8ರ ಮಣಿ ಹದವಾದುದು. 11ರ ಮಣಿ ಉಣ್ಣೆಯ ನವಿರಿನಲ್ಲಿ ಹುದುಗಿ ಮರೆಯಾಗುತ್ತದೆ. 6ರದು ಚೀಲಕ್ಕೆ ಚೆಂದ, ಶಾಲಿಗೆ ಭಾರ.

ಭಾರದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಲೇಸು. ಎರಡು ಗಜ ಉದ್ದ, ಒಂದು ಗಜ ಅಗಲದ ಶಾಲಿನ ಎರಡು ಸೆರಗುಗಳಿಗೆ ಕಾಲು ಅಂಗುಲಕ್ಕೊಂದರಂತೆ ಮಣಿ ಇಟ್ಟರೆ 288 ಮಣಿ ಬೇಕು. 8ರ ಮಣಿ ಒಂದು ಗ್ರಾಮಿಗೆ ಸುಮಾರು 40 ತೂಗುವುದರಿಂದ ಅಷ್ಟಕ್ಕೂ ಏಳೆಂಟು ಗ್ರಾಂ ಮಾತ್ರ. ಶಾಲಿಗೆ ಅದು ತಿಳಿಯುವುದೇ ಇಲ್ಲ. ಅದೇ ಜಾಗದಲ್ಲಿ 6ರ ಮಣಿಯನ್ನು ಹತ್ತು ಹತ್ತರ ಕುಚ್ಚು ಮಾಡಿ ಇಳಿಬಿಟ್ಟರೆ 2880 ಮಣಿಯಾಯಿತು, ಸುಮಾರು 200 ಗ್ರಾಂ ಆಯಿತು. ತೆಳುವಾದ ಶಾಲಿಗೆ ತನ್ನಷ್ಟೇ ತೂಕವನ್ನು ಸೆರಗಿಗೆ ಕಟ್ಟಿದ ಹಾಗೆ! ಒದ್ದೆಯಾದ ಉಣ್ಣೆಗೆ ಬಲ ಕಡಿಮೆ. ಅಂಥ ಶಾಲನ್ನು ಒಗೆದು ಹಗ್ಗಕ್ಕೆ ಹಾಕಿದರೆ ಸೆರಗು ಜಗ್ಗಿ ಉದ್ದವಾಗುತ್ತದೆ, ಮತ್ತೆ ಮೊದಲಿನಂತಾಗದು.

ಮಣಿಯ ತೂತನ್ನೂ ಪರೀಕ್ಷಿಸಬೇಕು. ಸಣ್ಣ ಗಾಜಿನ ಮಣಿಯನ್ನು ಮಾಡುವ ಬಗೆ ಹೀಗೆ: ಕರಗಿದ ಗಾಜಿನ ಮುದ್ದೆಯನ್ನು ಒಳಗೆ ಟೊಳ್ಳಿರುವಂತೆ ಉದ್ದಕ್ಕೆ ಎಳೆದು ಕೊಳವೆ ಮಾಡುತ್ತಾರೆ, ಕೊಳವೆಯನ್ನು ತುಂಡುತುಂಡಾಗಿ ಕತ್ತರಿಸುತ್ತಾರೆ, ಆ ತುಂಡುಗಳನ್ನು ಮತ್ತೆ ಕಾಯಿಸಿ ಅಂಚನ್ನು ಉರುಟು ಮಾಡುತ್ತಾರೆ. ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಕೊಳವೆ ಎಳೆಯುವ ಈ ವಿದ್ಯೆ ಇತ್ತು. ಕೊನೆಯ ಕಾಯಿಸುವಿಕೆ ಸಾಲದಿದ್ದರೆ ತೂತಿನ ಬಾಯಿ ಗಾಜಿನ ಚೂರಿನಂತೆ ಹರಿತವಾಗಿಯೇ ಉಳಿಯುತ್ತದೆ. ಅಂಥ ಮಣಿ ದಾರವನ್ನು ದಿನವೂ ಸ್ವಲ್ಪ ಸ್ವಲ್ಪ ಕೊಯ್ಯುತ್ತದೆ. ಹತ್ತಿಪ್ಪತ್ತು ಮಣಿಗಳನ್ನು ಒಂದು ದಾರಕ್ಕೆ ಹಾಕಿ ಮೇಲೆ ಕೆಳಗೆ ನಾಲ್ಕಾರು ಸಲ ಆಡಿಸಿ ನೋಡಿ. ದಾರ ಜುಂಗಾದರೆ ಆ ಮಣಿಗಳನ್ನು ಅಂಗಡಿಯವನಿಗೇ ಬಿಡಿ. ಕಡ್ಡಿಯಂತೆ ಉದ್ದವಾಗಿರುವ ಕೊಳವೆ ಮಣಿಗಳ ತುದಿ ಸಾಮಾನ್ಯವಾಗಿ ಹರಿತ. ಅವು ಬೇಕೇ ಬೇಕೆಂದರೆ ಎರಡು ತುದಿಗೂ ಒಂದೊಂದು ಉರುಟು ಮಣಿ ಇಡಬೇಕು.

ಬಣ್ಣದ ಪರೀಕ್ಷೆಯೂ ಆಗಲಿ. ಬಿಳಿಯ ಬಟ್ಟೆಯ ತುಂಡಿನಲ್ಲಿ ನಾಲ್ಕು ಮಣಿ ಕಟ್ಟಿ ಸಾಬೂನಿನ ನೀರಿನಲ್ಲಿ ಒಂದು ರಾತ್ರಿ ನೆನೆಹಾಕಿ. ಗಾಜಿನೊಳಗೇ ಇರುವ ಬಣ್ಣ ಬಿಡುವುದಿಲ್ಲ, ಮೇಲೆ ಬಳಿದ ಬಣ್ಣ ಬಿಡುತ್ತದೆ. ಒಳಗೆ ಬೆಳ್ಳಿಯಂತೆ ಮಿನುಗುವ ಮಣಿಗಳು ಕೊಂಡ ದಿನ ಕಣ್ಣು ಸೆಳೆಯುತ್ತವೆ; ಒಗೆತಕ್ಕೆ ಅವುಗಳ ಮಿನುಗು ಹೋಗುವುದೇ ಹೆಚ್ಚು.

ಇನ್ನು ಉಣ್ಣೆಯ ಸಿದ್ಧತೆ. ಹೊಸ ಉಣ್ಣೆಬಟ್ಟೆಯನ್ನು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಒಣಗಿಸಿ, ಆಮೇಲೆ ಕತ್ತರಿಸಿ. ಉಣ್ಣೆಯ ಎಳೆಯ ಮೈಮೇಲೆ ಮೀನಿನ ಹುರುಪೆಯಂಥ ಸಣ್ಣ ಪದರಗಳಿವೆ. ಬಿಸಿನೀರು, ಸಾಬೂನು, ತಿಕ್ಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ತೊಡರಿಕೊಂಡು ಬಟ್ಟೆ ಕುಗ್ಗುತ್ತದೆ. ಮಣಿಸಾಲು ಕುಗ್ಗುವುದಿಲ್ಲ. ಬಟ್ಟೆ ಕುಗ್ಗಿ ಅಂಚು ಮಾತ್ರ ಕುಗ್ಗದೆ ಉಳಿದರೆ ಶಾಲಿನ ಸೆರಗು ಕರಿದ ಹಪ್ಪಳದ ಅಂಚಿನಂತೆ ಅಲೆಯಲೆಯಾಗುತ್ತದೆ. ಆಗ ಬಿಚ್ಚದೆ ಬೇರೆ ದಾರಿಯಿಲ್ಲ.

ಬಟ್ಟೆಯ ಅಂಚನ್ನು ಅರ್ಧ ಅಂಗುಲ ಮಡಚಿ ಹೊಲಿದು, ಆ ಮಡಿಕೆಯ ಮೇಲೆ ಉಣ್ಣೆಯ ದಾರದಿಂದ ಒಂದು ಸಾಲು ಕಂಬಳಿ ಹೊಲಿಗೆ ಹಾಕಿ. ಕಾಜಾ ಹೊಲಿಗೆ ಬಲ್ಲವರಿಗೆ ಇದು ಹೊಸದಲ್ಲ. ಅದನ್ನೇ ಕಾಲು ಅಂಗುಲ ಬಿಟ್ಟುಬಿಟ್ಟು ಹಾಕಿದರಾಯಿತು. ಪ್ರತಿ ಹೊಲಿಗೆಯೂ ಅಂಚಿನ ಮೇಲೆ ಒಂದು ಸಣ್ಣ ಗಂಟಿನಂಥ ತಿರುವನ್ನು ಬಿಡುತ್ತದೆ. ಮಣಿ ಕೂರುವುದು ಅಲ್ಲಿಯೇ. ಮೂಲೆಗಳಿಗೆ ಮೊದಲು ಸೀಮೆಸುಣ್ಣದ ಗುರುತು ಹಾಕಿ ಅಲ್ಲಿಂದ ನಡುವಿನ ಕಡೆಗೆ ಅಳತೆ ಮಾಡುತ್ತ ಬನ್ನಿ. ಲೆಕ್ಕದಲ್ಲಿ ಕೂದಲೆಳೆ ಹೆಚ್ಚುಕಡಿಮೆಯಾದರೆ ನಡುವಿನಲ್ಲಿ ಮುಚ್ಚಿಹೋಗುತ್ತದೆ, ಮೂಲೆಯಲ್ಲಿ ಆದರೆ ಎಲ್ಲರ ಕಣ್ಣಿಗೂ ಬೀಳುತ್ತದೆ.

ಉಣ್ಣೆಯ ದಾರ ಮಣಿಯ ತೂತಿನಲ್ಲಿ ಹೋಗದು. ಆದುದರಿಂದ ಮಣಿಗೆಂದೇ ಎರಡನೆಯ ದಾರ ಬೇಕು: ಬಟ್ಟೆಯ ಬಣ್ಣದ್ದೇ ಆದ ಸಣ್ಣ ನೈಲಾನ್ ಅಥವಾ ಪಾಲಿಯೆಸ್ಟರ್ ದಾರ. ಹತ್ತಿಯ ದಾರ ಒಗೆತಕ್ಕೆ ಬೇಗ ಸವೆಯುತ್ತದೆ. ದಾರವನ್ನು ಜೇನುಮೇಣದ ತುಂಡಿನ ಮೇಲೆ ಒಂದೆರಡು ಸಲ ಎಳೆದರೆ ಸಿಕ್ಕಾಗುವುದಿಲ್ಲ. ಸೂಜಿ 10ನೆಯ ನಂಬರಿನ ಮಣಿಸೂಜಿ. ಒಂದು ಸಲಕ್ಕೆ ಒಂದು ಗಜಕ್ಕಿಂತ ಉದ್ದ ದಾರ ತೆಗೆದುಕೊಳ್ಳುವುದು ಸೋಮಾರಿತನದ ಉಳಿತಾಯ, ಕೊನೆಗೆ ಗಂಟು ಬಿಡಿಸುವುದರಲ್ಲಿ ಆ ಹೊತ್ತೆಲ್ಲ ಹೋಗುತ್ತದೆ.

ದಾರದ ಗಂಟನ್ನು ಮಡಿಕೆಯೊಳಗೆ ಅಡಗಿಸಿ, ಸೂಜಿಯನ್ನು ಕಂಬಳಿ ಹೊಲಿಗೆಯ ಮೊದಲ ತಿರುವಿನ ಹತ್ತಿರ ಹೊರಕ್ಕೆ ತೆಗೆಯಿರಿ. ಒಂದು ಮಣಿ ಹಾಕಿ, ಸೂಜಿಯನ್ನು ಆ ತಿರುವಿನ ಕೆಳಗಿನಿಂದ ಬಟ್ಟೆಯೊಳಕ್ಕೆ ಚುಚ್ಚಿ. ಅದೇ ಮಣಿಯೊಳಗೆ ಇನ್ನೊಮ್ಮೆ ಸೂಜಿಯನ್ನು ಹಾಯಿಸಿ ಮತ್ತೆ ಒಳಕ್ಕೆ ತನ್ನಿ. ಹೀಗೆ ಎರಡು ಸುತ್ತು ಬಿದ್ದ ಮಣಿ ಅಲುಗಾಡುವುದಿಲ್ಲ. ಅಲ್ಲಿಂದ ಮುಂದಿನ ತಿರುವಿಗೆ ಸೂಜಿ ಮಡಿಕೆಯ ಒಳಗೊಳಗೇ ಸಾಗಬೇಕು. ಹೊರಗೆ ಬಂದ ದಾರ ಬಳೆಗೆ ಸಿಕ್ಕುತ್ತದೆ. ನಾಲ್ಕು ಮಣಿಗೊಮ್ಮೆ ಒಳಗಡೆ ಒಂದು ಸಣ್ಣ ಗಂಟು. ಈ ಗಂಟಿಗೆ ಬೇಸರಪಡುವವರೇ ಹೆಚ್ಚು. ಆದರೆ ಎಂದೋ ಒಂದು ದಿನ ದಾರ ಕಡಿದಾಗ ನಾಲ್ಕೇ ಮಣಿ ಹೋಗಿ ಉಳಿದ 284 ತಮ್ಮ ಸ್ಥಾನದಲ್ಲಿರುವುದು ಈ ಗಂಟಿನ ದೆಸೆಯಿಂದಲೇ.

ಎಳೆತ ಹದವಾಗಿರಲಿ. ಬಿಗಿಯಾಗಿ ಎಳೆದರೆ ಅಂಚು ನಿರಿಗೆಗಟ್ಟುತ್ತದೆ. ನಾಲ್ಕು ಬೆರಳಗಲ ಹೊಲಿದಾಗಲೆಲ್ಲ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಅಂಗೈಯಿಂದ ಸವರಿ ನೋಡಿ ಮುಂದುವರಿಯುವುದು ಒಳ್ಳೆಯದು.

ಇದರಲ್ಲಿ ಕೈ ಪಳಗಿದ ಮೇಲೆ ಗೋಪುರದ ಅಂಚನ್ನು ಪ್ರಯತ್ನಿಸಬಹುದು. ಮೊದಲಿಗೆ ಮೂರು ಮಣಿ ಹಾಕಿ, ಒಂದು ಮಣಿಯಷ್ಟು ಜಾಗ ಬಿಟ್ಟು ಬಟ್ಟೆಗೆ ಚುಚ್ಚಿ, ಮೂರನೆಯ ಮಣಿಯೊಳಗಿಂದ ಮಾತ್ರ ಸೂಜಿಯನ್ನು ಮೇಲಕ್ಕೆ ತನ್ನಿ. ನಡುವಿನ ಮಣಿ ತಾನಾಗಿ ಗೋಪುರದಂತೆ ಮೇಲೇಳುತ್ತದೆ. ಆಮೇಲೆ ಪ್ರತಿ ಸಲವೂ ಎರಡೇ ಮಣಿ ಸಾಕು: ಎರಡು ಹಾಕುವುದು, ಬಟ್ಟೆಗೆ ಚುಚ್ಚುವುದು, ಕೊನೆಯದರೊಳಗಿಂದ ಮೇಲೆ ಬರುವುದು. ಕಾಲಿನ ಮಣಿ ಒಂದು ಬಣ್ಣ, ತುದಿಯದು ಇನ್ನೊಂದು ಬಣ್ಣವಾದರೆ ಸೊಗಸು. ಇದಕ್ಕೆ 11ರ ಮಣಿಯೇ ಒಪ್ಪುತ್ತದೆ. ಮೇಲೆದ್ದು ನಿಲ್ಲುವುದರಿಂದ ನವಿರಿನಲ್ಲಿ ಮುಚ್ಚಿಹೋಗುವುದಿಲ್ಲ. ಚೀಲದ ಬಾಯಿಗೆ, ಕನ್ನಡಕದ ಒರೆಗೆ ಈ ಅಂಚು ಚೆನ್ನಾಗಿ ಕೂರುತ್ತದೆ. ಶಾಲಿಗೆ ಬೇಡ, ಸೀರೆಯ ಎಳೆ ಗೋಪುರಗಳಿಗೆ ಸಿಕ್ಕುತ್ತದೆ.

ಕಡ್ಡಿಯಲ್ಲಿ ಹೆಣೆದ ಸ್ವೆಟರಿಗೆ ಈ ಕ್ರಮ ಎಲ್ಲ ಕಡೆಯೂ ನಡೆಯದು. ಹೆಣಿಗೆ ಹಿಗ್ಗುತ್ತದೆ, ದಾರ ಹಿಗ್ಗುವುದಿಲ್ಲ. ತಲೆ ತೂರಿಸುವ ಕತ್ತು, ಕೈ ತೂರಿಸುವ ತೋಳಿನ ತುದಿ ಇವೆರಡಕ್ಕೆ ಮಣಿ ಹೊಲಿದರೆ ಮೊದಲ ಸಲ ತೊಡುವಾಗಲೇ ದಾರ ಪಟ್ಟೆಂದು ಹೋಗುತ್ತದೆ. ಮುಂದೆ ಗುಂಡಿ ಇರುವ ಸ್ವೆಟರಿನ ಎದೆಯ ಪಟ್ಟಿಗೆ, ಜೇಬಿನ ಬಾಯಿಗೆ ಹೊಲಿಯಬಹುದು.

ಕುಲಾವಿಗೆ, ಕಾಲುಚೀಲಕ್ಕೆ, ಹಸುಗೂಸನ್ನು ಸುತ್ತುವ ಶಾಲಿಗೆ ಮಾತ್ರ ಮಣಿ ಕೂಡದು. ಎಷ್ಟೇ ಭದ್ರವಾಗಿ ಹೊಲಿದಿರಲಿ, ಕೂಡದು. ಕೂಸಿನ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ. ಬಟ್ಟೆಯ ಅಂಚನ್ನು ಅದು ಒದ್ದೆ ಮಾಡಿ ಚೀಪಿ ಎಳೆಯುತ್ತದೆ. ಸಡಿಲವಾದ ಮಣಿ ಉಸಿರಿನ ದಾರಿಯಲ್ಲಿ ಸಿಕ್ಕಿಕೊಳ್ಳಬಹುದು, ಅದು ಪ್ರಾಣದ ಮಾತು. ಹೊಸ ಮಗುವಿಗೆ ಉಡುಗೊರೆ ಕೊಡುವವರು ಮಣಿಯ ಜಾಗದಲ್ಲಿ ಬಣ್ಣದ ಉಣ್ಣೆಯಿಂದ ಸಣ್ಣ ಸಣ್ಣ ಗಂಟು ಹೊಲಿಗೆ ಹಾಕಲಿ. ದೂರಕ್ಕೆ ಮಣಿಯಂತೆಯೇ ಕಾಣುತ್ತದೆ, ಯಾರಿಗೂ ಭಯವಿಲ್ಲ. ಮನೆಯಲ್ಲಿ ತೆವಳುವ ಮಗುವಿದ್ದರೆ ದೊಡ್ಡವರ ಶಾಲಿನ ಮಣಿಯನ್ನೂ ಆಗಾಗ ಎಳೆದು ನೋಡುತ್ತಿರಬೇಕು.

ಒಗೆಯುವಾಗ ಅಂಟುವಾಳದ ನೊರೆ ಉಣ್ಣೆಗೆ ಹಿತ. ನೀರು ಉಗುರುಬೆಚ್ಚಗಿರಲಿ, ಜಾಲಿಸುವ ನೀರೂ ಅಷ್ಟೇ ಬೆಚ್ಚಗಿರಲಿ. ಕಲ್ಲಿಗೆ ಬಡಿಯಬಾರದು, ಹಿಂಡಬಾರದು. ಒಣ ಟವಲಿನೊಳಗೆ ಸುರುಳಿ ಸುತ್ತಿ ಒತ್ತಿದರೆ ನೀರು ಹೋಗುತ್ತದೆ. ಆಮೇಲೆ ನೆರಳಿನಲ್ಲಿ ಮಂಚದ ಮೇಲೆ ಹರಡಿ, ಅಂಚನ್ನು ಕೈಯಿಂದ ನೇರ ಮಾಡಿ ಒಣಗಿಸಿ. ಇಸ್ತ್ರಿ ಅಂಚಿನವರೆಗೆ ಹೋಗದಿರಲಿ. ಪೆಟ್ಟಿಗೆಯಲ್ಲಿಡುವಾಗ ಮಡಿಕೆಗಳ ನಡುವೆ ಹಳೆಯ ಪಂಚೆಯ ತುಂಡೊಂದನ್ನು ಹಾಸಿದರೆ ಮಣಿಯ ಗುರುತು ಉಣ್ಣೆಯ ಮೇಲೆ ಒತ್ತುವುದಿಲ್ಲ. ಕೊಳೆಯಾದ ಉಣ್ಣೆಗೆ ನುಸಿ ಬೇಗ ಬೀಳುವುದರಿಂದ ಒಗೆದೇ ಒಳಗಿಡಬೇಕು. ಹೊಲಿದು ಉಳಿದ ಹತ್ತಿಪ್ಪತ್ತು ಮಣಿಗಳನ್ನೂ ಸ್ವಲ್ಪ ದಾರವನ್ನೂ ಒಂದು ಚಿಂದಿಯಲ್ಲಿ ಕಟ್ಟಿ ಶಾಲಿನ ಜೊತೆಗೇ ಇಡಿ. ಅದೇ ಬಣ್ಣದ, ಅದೇ ಅಳತೆಯ ಮಣಿ ಮುಂದಿನ ವರ್ಷ ಅಂಗಡಿಯಲ್ಲಿ ಸಿಕ್ಕೀತೆಂಬ ಭರವಸೆಯಿಲ್ಲ.